ಊರಸೆರಗಿನ ಪಾಲುಗಾರ್ತಿ

ಕರಿಗುಡ್ಡದ ಶಾಲೆ
ಕಾವುಗಾಲ ಕಳೆದು ಮೊದಲ ಮಳೆ ಬಿದ್ದ ವಾರ
ನಿಮ್ಮ ಎಣಿಕೆಯಲ್ಲಿ ಇಸವಿ ೨೨೧೯

ಪುರಸಭೆ, ನಗರಸಭೆ, ಪಂಚಾಯಿತಿಗಳ ಲೆಕ್ಕ ವಿಭಾಗದಲ್ಲಿ ಕೂತಿರುವ ಹಿರಿಯರಿಗೆ ಹಂಪವ್ವ ಮಡಿವಾಳರ ಮಾಡುವ ನಮಸ್ಕಾರಗಳು.

ನಿಮ್ಮಲ್ಲಿ ಕೆಲವರಿಗೆ ಇನ್ನೂ ಮೂವತ್ತು ತುಂಬಿರಲಿಕ್ಕಿಲ್ಲ. ಆದರೂ ನಮಗಿಂತ ಇನ್ನೂರು ವರ್ಷ ಮೊದಲು ಹುಟ್ಟಿದವರಾದ್ದರಿಂದ ನಿಮ್ಮನ್ನು ಹಿರಿಯರೆಂದೇ ಕರೆಯುತ್ತೇನೆ. ಈ ಓಲೆಯಲ್ಲಿ ನಿಮ್ಮ ಕಿವಿಗೆ ವಿಚಿತ್ರವೆನಿಸುವ ಮಾತುಗಳು ಬಂದರೆ ಮನ್ನಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಧ್ವನಿಮುದ್ರಿಕೆಗಳನ್ನು ಕೇಳಿ ಕಲಿತವಳು. ಅದರಲ್ಲಿ ಹೆಚ್ಚಿನವು ಸಭೆಗಳ ನಡಾವಳಿಗಳಾದ್ದರಿಂದ ನನ್ನ ಮಾತಿನಲ್ಲಿ ಸ್ವಲ್ಪ ಕಚೇರಿಯ ವಾಸನೆ ಇದ್ದರೂ ಇರಬಹುದು.

ಇಂಥ ಪತ್ರವನ್ನು ನಾವು ಹಿಂದೋಲೆ ಎನ್ನುತ್ತೇವೆ. ಪ್ರತಿ ವರ್ಷ ಮಳೆ ಹಿಡಿದಾಗ, ಶಾಲೆಯ ಬಾಗಿಲು ತೆರೆಯುವ ಮೊದಲು, ಕಲಿಸುವವರಲ್ಲಿ ಒಬ್ಬರು ತಮ್ಮದೇ ಕೆಲಸವನ್ನು ಬಹಳ ಹಿಂದೆ ಮಾಡಿದವರಿಗೆ ಒಂದು ಓಲೆ ಬರೆಯಬೇಕು. ಅದು ತಲುಪುತ್ತದೋ ಇಲ್ಲವೋ ಯಾರಿಗೂ ತಿಳಿಯದು. ನಮ್ಮ ಅಡುಗೆಮನೆಯವರ ನಂಬಿಕೆಯೇ ಬೇರೆ. ತರಬೇತಿಗೆಂದು ನಿಮ್ಮನ್ನು ಒಂದು ಕೋಣೆಯಲ್ಲಿ ಕೂಡಿಸಿರುತ್ತಾರೆ, ಮಧ್ಯಾಹ್ನದ ಊಟ ಮುಗಿದಿರುತ್ತದೆ, ಗೋಡೆಯ ಪರದೆಯ ಮೇಲೆ ‘ನಾಯಕತ್ವದ ಗುಣಗಳು’ ಎಂಬ ಶೀರ್ಷಿಕೆ ಮೂಡುವ ಹೊತ್ತಿಗೆ ನಿಮ್ಮ ಕಣ್ಣಿಗೆ ಮೆಲ್ಲಗೆ ಜೊಂಪು ಹತ್ತುತ್ತದೆ. ಆಗ ಈ ಓಲೆ ನಿಮ್ಮೊಳಗೆ ಇಳಿಯುತ್ತದೆ ಎಂದು ಅವರು ಹೇಳುತ್ತಾರೆ. ಅದು ನಿಜವಾಗಿದ್ದರೆ, ದಯವಿಟ್ಟು ಎಚ್ಚರವಾಗಬೇಡಿ. ಹಾಗೆಯೇ ಕೇಳಿಸಿಕೊಳ್ಳಿ.

ಮೊದಲು ನಮ್ಮ ಊರುಗಳ ಬಗ್ಗೆ ಹೇಳಬೇಕು. ನಿಮ್ಮ ಬೇಸಿಗೆ ನಮ್ಮ ಕಾಲಕ್ಕೆ ಬರುವಷ್ಟರಲ್ಲಿ ಬೆಳೆದು ಬೇರೆಯದೇ ಋತುವಾಗಿದೆ. ಅದಕ್ಕೆ ಕಾವುಗಾಲ ಎಂದು ಹೆಸರು. ಆ ತಿಂಗಳುಗಳಲ್ಲಿ ನಡುಹಗಲು ಬಯಲಿನಲ್ಲಿ ನಿಲ್ಲುವುದು ಯಾರಿಂದಲೂ ಆಗದು. ಹಾಗಾಗಿ ನಮ್ಮ ಊರುಗಳು ಬಟ್ಟೆಯ ಕೆಳಗೆ ಬದುಕುತ್ತವೆ. ಮನೆಗಳ ಮೇಲೆ, ಬೀದಿಗಳ ಮೇಲೆ, ಎತ್ತರದ ಕಂಬಗಳ ನಡುವೆ ಅಗಲವಾದ ನೇಯ್ಗೆಯನ್ನು ಬಿಗಿದು ಕಟ್ಟುತ್ತೇವೆ. ಬಿಸಿಲಲ್ಲಿ ಮಗುವನ್ನು ಎತ್ತಿಕೊಂಡು ನಡೆಯುವ ತಾಯಿ ತನ್ನ ಸೆರಗನ್ನು ಅದರ ತಲೆಯ ಮೇಲೆ ಹೊದಿಸುತ್ತಾಳಲ್ಲ, ಅದೇ ನೆನಪಿನಿಂದ ಇದಕ್ಕೆ ಊರಸೆರಗು ಎಂಬ ಹೆಸರು ಬಂತು. ಅದರ ನೂಲು ಬೆಳಗಿನ ಜಾವದ ಇಬ್ಬನಿಯನ್ನು ಹೀರಿಕೊಂಡು ಬೀದಿಯ ಕಲ್ಲುದೋಣಿಗಳಿಗೆ ಹನಿಹನಿಯಾಗಿ ಇಳಿಸುತ್ತದೆ. ಆ ತೊಟ್ಟಿಕ್ಕುವ ಸದ್ದಿಗೇ ಊರು ಏಳುತ್ತದೆ. ಒಂದೊಂದು ಬೀದಿಯ ಸೆರಗಿಗೆ ಒಂದೊಂದು ಬಣ್ಣ. ದಾಳಿಂಬೆ ಬಣ್ಣದ ಬೀದಿಯಲ್ಲಿ ಹುಟ್ಟಿದ ಮಕ್ಕಳಿಗೆ ಹಾಲು ಕೂಡ ನಸುಗೆಂಪಾಗಿ ಕಾಣುತ್ತದೆ. ಹಸಿರು ಬೀದಿಯ ಮುದುಕರು ನೀರೊಳಗೆ ಕೂತವರಂತೆ ಕಾಣುತ್ತಾರೆ. ಮೇಲೆ ಪಾರಿವಾಳ ನಡೆದರೆ ಅದರ ಪುಟ್ಟ ಪಾದದ ನೆರಳು ನಮ್ಮ ಊಟದ ತಟ್ಟೆಯ ಮೇಲೆ ಹಾದುಹೋಗುತ್ತದೆ.

ಈ ಸೆರಗನ್ನು ನೇಯಿಸುವುದು, ಏರಿಸುವುದು, ಹೊಲಿಸುವುದು ಎಲ್ಲವೂ ಪುರಸಭೆಯ ಕೆಲಸ. ನೂಲು, ಮಗ್ಗ, ನೀರು, ಆಳಿನ ದುಡಿಮೆ ಎಲ್ಲಿಗೆ ಎಷ್ಟು ಹೋಗಬೇಕೆಂದು ಗೊತ್ತುಮಾಡುವವರನ್ನು ನಾವು ಪಾಲುಗಾರರು ಎನ್ನುತ್ತೇವೆ. ನಿಮ್ಮ ಕಾಲದಲ್ಲಿ ಅವರೇ ಲೆಕ್ಕಾಧಿಕಾರಿಗಳು, ಅಂದರೆ ನೀವು. ಕೂಡಿಸುವುದು, ಕಳೆಯುವುದು ಬಂದ ಮಾತ್ರಕ್ಕೆ ನಮ್ಮಲ್ಲಿ ಯಾರನ್ನೂ ಒಂದು ಊರಿನ ಮುಖ್ಯ ಪಾಲುಗಾರರನ್ನಾಗಿ ಮಾಡುವುದಿಲ್ಲ. ಒಂದು ಮಳೆಗಾಲವನ್ನು ಅವರು ಕರಿಗುಡ್ಡದ ಶಾಲೆಯಲ್ಲಿ ಕಳೆಯಬೇಕು. ನಾನು ಕಲಿಸುವುದು ಅಲ್ಲೇ. ಅದು ಹಿಂದೊಮ್ಮೆ ರೈಲು ನಿಲ್ದಾಣವಾಗಿತ್ತು. ಈಗ ಹಳಿಗಳ ನಡುವೆ ಗರಿಕೆ ಬೆಳೆದಿದೆ. ಕಲಿಯುವವರು ಒಂದು ಕಟ್ಟೆಯ ಮೇಲೆ ನಿಂತು, ಹಳಿಗಳಾಚೆಯ ಕಟ್ಟೆಯ ಮೇಲೆ ಕೂತ ಊರಿನವರಿಗೆ ತಮ್ಮ ಮಾತನ್ನು ಮುಟ್ಟಿಸಬೇಕು. ಮಳೆ ಸುರಿಯುತ್ತಿರುತ್ತದೆ. ಆಚೆ ಕೂತವರು ಎದ್ದು ಹೋಗಲು ಸ್ವತಂತ್ರರು.

ದಾವಲಬಿ ನದಾಫ ಅಲ್ಲಿಗೆ ಬಂದಾಗ ಅವಳ ಮಾತು ಮೊದಲ ಹಳಿಯನ್ನೂ ದಾಟುತ್ತಿರಲಿಲ್ಲ. ಎರಡುಹೊಳಿ ಪುರಸಭೆಯಲ್ಲಿ ಅವಳು ಹಲವು ವರ್ಷ ಕೆಲಸ ಮಾಡಿದ್ದಳು. ಮುಖ್ಯ ಪಾಲುಗಾರರು ನಿವೃತ್ತರಾದಾಗ ಆ ಜಾಗಕ್ಕೆ ಅವಳ ಹೆಸರು ಬಂದಿತ್ತು. ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ಮಂದಿಯ ಮುಂದೆ ನಿಂತರೆ ಅವಳ ಗಲ್ಲ ಎದೆಗೆ ಹತ್ತಿಬಿಡುತ್ತಿತ್ತು. ಆಚೆ ಕಟ್ಟೆಯವರು ಒಬ್ಬೊಬ್ಬರಾಗಿ ಎದ್ದು ಚಹಾ ಕುಡಿಯಲು ಹೋಗುತ್ತಿದ್ದರು. ಉಸಿರಾಟದ ಪಾಠ, ನಿಲ್ಲುವ ಪಾಠ ಎಲ್ಲವನ್ನೂ ಮಾಡಿದೆ. ಏನೂ ಹತ್ತಲಿಲ್ಲ.

ಒಂದು ಸಂಜೆ ಅಡುಗೆಮನೆಯ ಹೊರಗೆ ಹಾದುಹೋಗುತ್ತಿದ್ದಾಗ ಒಳಗಿನಿಂದ ಒಂದು ಗಟ್ಟಿ ದನಿ ಕೇಳಿತು. ದಾವಲಬಿ ಬೇಳೆ ಆರಿಸುತ್ತ ಕೂತಿದ್ದಳು. ನಮ್ಮ ಅಡುಗೆಯವನಿಗೆ ಅವನ ಊರಿನ ನೀರಿನ ತೊಟ್ಟಿ ಯಾಕೆ ಮೂರು ವರ್ಷದಿಂದ ಹಾಗೇ ನಿಂತಿದೆ ಎಂದು ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಅವನು ಸೌಟು ಹಿಡಿದು ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಸಾರು ಉಕ್ಕಿ ಒಲೆಗೆ ಬಿದ್ದರೂ ಇಬ್ಬರಿಗೂ ಗೊತ್ತಾಗಲಿಲ್ಲ. ಆಮೇಲೆ ನಾನು ಅವಳನ್ನು ಕೇಳಿದೆ: ಅಷ್ಟು ಚೆಂದ ಹೇಳುತ್ತೀಯಲ್ಲ, ಕಟ್ಟೆಯ ಮೇಲೆ ಏನಾಗುತ್ತದೆ?

“ಇಲ್ಲಿ ಯಾರೂ ನನ್ನ ನೋಡಾಕತ್ತಿದ್ದಿಲ್ರಿ ಅಕ್ಕಾರ,” ಅಂದಳು.

“ಸಭಾದಾಗೂ ಯಾರೂ ನಿನ್ನ ನೋಡಂಗಿಲ್ಲ ತಂಗಿ. ಅವರೆಲ್ಲಾ ತಮ್ಮ ತಮ್ಮ ಮನಿ ನೋಡ್ತಿರ್ತಾರ. ಮನಿ ಏನಾಗ್ತತಿ ಅಂತ ಕೇಳಾಕ ಬಂದಿರ್ತಾರ.”

ಅವಳು ಮೊರದತ್ತ ತಿರುಗಿ ಮತ್ತೆ ಬೇಳೆ ಆರಿಸತೊಡಗಿದಳು. ಮರುದಿನ ಮೊರ ಹಿಡಿದುಕೊಂಡೇ ಕಟ್ಟೆಗೆ ಬಂದು, ಬೇಳೆ ಆರಿಸುತ್ತಲೇ ಮಾತಾಡಿದಳು. ನಗುವವರು ನಕ್ಕರು. ಆದರೆ ಆ ದಿನ ಆಚೆಯವರು ಒಬ್ಬರೂ ಎದ್ದುಹೋಗಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಮೊರ ಇಲ್ಲದೆಯೂ ಅವಳ ದನಿ ಹಳಿಗಳನ್ನು ದಾಟುತ್ತಿತ್ತು, ಕೊಂಚ ನಡುಗುತ್ತ.

ನಮ್ಮಲ್ಲಿ ಇನ್ನೊಂದು ನಿಯಮವಿದೆ. ಶಾಲೆ ಮುಗಿಸಿದವರ ಮೊದಲ ಕಾವುಗಾಲವನ್ನು ಕಲಿಸಿದವರೂ ಅವರ ಊರಿನಲ್ಲಿ, ಅವರ ಮನೆಯಲ್ಲೇ ಇದ್ದು ಕಳೆಯಬೇಕು. ಇದಕ್ಕೆ ಜೊತೆಗಾಲ ಎನ್ನುತ್ತಾರೆ. ಜೊತೆಗಿರಬಹುದು, ಅಡುಗೆ ಮಾಡಿಹಾಕಬಹುದು. ಊರಿನ ಕೆಲಸದ ಬಗ್ಗೆ ಮಾತ್ರ ಒಂದು ಮಾತೂ ಆಡುವಂತಿಲ್ಲ. ಕಲಿಸುವವರ ಬಾಯಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ಹಾಗೆ ನಾನು ಎರಡುಹೊಳಿಗೆ ಹೋದೆ. ಮುಂದಿನದನ್ನೆಲ್ಲ ಕಣ್ಣಾರೆ ನೋಡಿದೆ.

ಎರಡು ಹೊಳೆಗಳು ಕೂಡುವಲ್ಲಿ ಆ ಊರಿದೆ. ಪಡುವಣ ಭಾಗದಲ್ಲಿ ದೊಡ್ಡ ಬಜಾರ. ಅದರ ಮೇಲಿನದು ಊರಿನಲ್ಲೇ ದಪ್ಪ ನೇಯ್ಗೆಯ, ನವಿಲುಬಣ್ಣದ ಸೆರಗು. ಮೂಡಣ ಭಾಗದಲ್ಲಿ ಸುಣ್ಣಗಾರ ಓಣಿ ಮತ್ತು ಅದರಂಥ ಇನ್ನೂ ಕೆಲವು ದುಡಿಯುವವರ ಓಣಿಗಳು. ಕಾವುಗಾಲ ಹುಟ್ಟುವ ವಾರದಲ್ಲಿ ಒಂದು ಧೂಳುಗಾಳಿ ಎದ್ದಿತು. ಹಗಲು ಕಂದು ಬಣ್ಣಕ್ಕೆ ತಿರುಗಿತು. ಗಾಳಿ ನಿಂತ ಮೇಲೆ ಬಾಗಿಲು ತೆರೆದು ನೋಡಿದರೆ ಮೂಡಣ ಭಾಗದ ಮೇಲೆ ಬರೀ ಆಕಾಶವಿತ್ತು. ಹರಿದ ಸೆರಗಿನ ಚಿಂದಿಗಳು ಹೊಳೆಯ ಮೇಲೆ ತೇಲಿಹೋಗುತ್ತಿದ್ದವು. ಕಿತ್ತಳೆ, ಹಳದಿ, ತಿಳಿನೀಲಿ. ದಂಡೆಯಲ್ಲಿ ನಿಂತ ಮಕ್ಕಳು ಅದನ್ನು ಚೆಂದವೆಂದು ಕೂಗಿದರು. ದೊಡ್ಡವರು ಬರಿದಾದ ಕಂಬಗಳನ್ನು ಎಣಿಸುತ್ತಿದ್ದರು.

ಪಾಲುಸಭೆ ಕರೆದರು. ಊರಿನ ಗಳಿಕೆಯನ್ನು ಹೇಗೆ ಹಂಚಬೇಕೆಂದು ಎಲ್ಲರೂ ಸೇರಿ ಮಾತಾಡುವ ಸಭೆ ಅದು. ಪುರಸಭೆಯ ಅಧ್ಯಕ್ಷ ಅಡಿವೆಪ್ಪ ಹೂಗಾರ ತುಂಬಾ ಒಳ್ಳೆಯ ಮನುಷ್ಯ. ಅವನ ದನಿ ಗಂಟೆಯ ಹಾಗೆ. ಊರಿನವರಿಗೆ ಅವನೆಂದರೆ ಪ್ರೀತಿ. ಆ ದಿನ ಸುಣ್ಣಗಾರ ಓಣಿಯವರು ಬಜಾರದ ಸೆರಗನ್ನು ಇಳಿಸಿ ಊರಿಗೆಲ್ಲ ಹಂಚಿರಿ ಎಂದರು. ಸೆರಗಿಗೆಂದು ಊರು ಕಟ್ಟುವ ನೆರಳಿನ ತೆರಿಗೆಯಲ್ಲಿ ಹೆಚ್ಚಿನ ಪಾಲು ನಮ್ಮದು, ಅದನ್ನು ಮುಟ್ಟಬೇಡಿ ಎಂದು ಬಜಾರದವರು ಎದ್ದರು. ಕೆಲವು ಹೆಂಗಸರು ಅಳತೊಡಗಿದರು. ಅಡಿವೆಪ್ಪನಿಗೆ ತಡೆಯಲಾಗಲಿಲ್ಲ. ಎರಡೂ ಕೈ ಎತ್ತಿದ.

“ಯಾರೂ ಕಾಳಜಿ ಮಾಡಬ್ಯಾಡ್ರಿ. ಯಾರ ಸೆರಗೂ ಇಳಸೂದಿಲ್ಲ. ತಿಂಗಳೊಪ್ಪತ್ತಿನೊಳಗ ಎಲ್ಲಾ ಓಣಿಗೂ ಹೊಸಾದು ಹೊಚ್ಚತೀನಿ. ಏನು ದಾವಲಬಿ, ಆಗ್ತತಿಲ್ಲ?”

ದಾವಲಬಿ ಅವನ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಅವಳು ಏನೋ ಅಂದಳು. ಯಾರಿಗೂ ಕೇಳಲಿಲ್ಲ. ಹಿಂದಿನಿಂದ ಯಾರೋ “ಜೋರಾಗಿ ಹೇಳ್ರಿ ಬಾಯಾರ!” ಎಂದು ಕೂಗಿದರು. ಅವಳು ಎದ್ದು ನಿಂತಳು. ಅವಳ ಬೆರಳುಗಳು ಒಂದಕ್ಕೊಂದು ತಿಕ್ಕಿಕೊಳ್ಳುತ್ತಿದ್ದವು, ಇಲ್ಲದ ಬೇಳೆಯನ್ನು ಆರಿಸುವಂತೆ.

“ಆಗಂಗಿಲ್ಲ ಅಂದ್ನಿರಿ. ಇದ್ದಬದ್ದ ಮಗ್ಗ ಎಲ್ಲಾ ಓಡಿಸಿದ್ರೂ ಮಳಿ ಬರೂದ್ರೊಳಗ ಒಂದೆರಡು ಓಣಿಗಷ್ಟ ಸಾಲ್ತತಿ. ಇದನ್ನ ಇವತ್ತ ಹೇಳಲಿಲ್ಲಂದ್ರ ನೀವು ನಾಳಿ ಬರ್ತತಿ, ನಾಡದ ಬರ್ತತಿ ಅಂತ ಕಾಯ್ಕೊಂತ ಕುಂದರ್ತೀರಿ. ಕಾಯೂದ್ರೊಳಗ ಜೀವ ಹೋಗ್ತಾವು.”

ಅಡಿವೆಪ್ಪ ಅವಳತ್ತ ತಿರುಗಲೂ ಇಲ್ಲ. ಆಗ ಸುಣ್ಣಗಾರ ಓಣಿಯ ಬಾಳವ್ವ ಎದ್ದಳು. ಭಟ್ಟಿಯ ಮುಂದೆ ಬದುಕು ಸವೆಸಿದವಳು, ಹುಬ್ಬಿನ ಕೂದಲು ಕೂಡ ಸುಣ್ಣದ ಧೂಳಿನಿಂದ ಬೆಳ್ಳಗಾಗಿತ್ತು.

“ಹಂಗಾದ್ರ ಬಿಸಲು ಯಾರ ಪಾಲಿಗೆ? ಅದನ್ನೂ ನೀನ ಹೇಳಿಬಿಡು.”

“ನನಗ ಗೊತ್ತಿಲ್ಲ ಅಕ್ಕಾ.”

“ಪಾಲುಗಾರ್ತಿಗೇ ಗೊತ್ತಿಲ್ಲಂದ್ರ ಮತ್ತ್ಯಾರನ್ನ ಕೇಳೂಣು?”

“ಕೂಡಿ ನೋಡಿದ್ರ ಗೊತ್ತಾಗ್ತತಿ. ನಾಳಿ ನಡುಹಗಲ ನನ್ನ ಜೋಡಿ ಊರ ಸುತ್ತಾಕ ಬರ್ರಿ. ಎಲ್ಲಾರೂ ಬರ್ರಿ, ಬಜಾರದವ್ರೂ.”

ಜನ ನಕ್ಕರು, ಬೈದರು, ಕುರ್ಚಿಗಳನ್ನು ದೂಡಿ ಎದ್ದು ಹೋದರು. ಮನೆಗೆ ಬಂದ ಮೇಲೆ ಅವಳು ಗೋಡೆಗೆ ಒರಗಿ ಕೂತು, “ಎದ್ದು ನಿಲ್ಲೂದು ಕಲಿಸಿದ್ರಿ ಅಕ್ಕಾರ. ನಿಂತ ಮ್ಯಾಲೆ ಏನು ಮಾಡೂದು ಅಂತ ಕಲಿಸಲೇ ಇಲ್ಲ,” ಅಂದಳು. ನಿಯಮ ನನ್ನ ಬಾಯಿ ಕಟ್ಟಿತ್ತು. ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ. ಅವಳು ಅದನ್ನು ಮುರಿದು ನೋಡುತ್ತ ಕೂತಳು. ಆಮೇಲೆ ತಿನ್ನದೆಯೇ ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಅಡಿವೆಪ್ಪನ ಮನೆಗೆ ಹೊರಟಿದ್ದಳು. ನಾನೂ ಹಿಂದೆ ಹೋದೆ.

ಅಡಿವೆಪ್ಪ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದ. ಸಂಜೆಯ ಬೆಳಕು ಸೆರಗಿನಿಂದ ಸೋಸಿ ಅವನ ಬಿಳಿ ಅಂಗಿಯ ಮೇಲೆ ನೇರಳೆಯಾಗಿ ಬಿದ್ದಿತ್ತು.

“ತುಂಬಿದ ಸಭಾದಾಗ ನನ್ನ ಮಾನ ತಗದಿ,” ಅಂದ.

“ಖರೇರಿ. ಮೊದಲ ನಿಮ್ಮ ಮನಿಗೆ ಬಂದು ಹೇಳಬೇಕಿತ್ತು. ಬರಾಕ ಧೈರ್ಯ ಆಗಲಿಲ್ಲ.”

“ಮತ್ತ ಅಲ್ಲಿ ಹೆಂಗ ಬಂತು ಧೈರ್ಯ?”

“ಜನ ನಿಮ್ಮ ಮಾತು ನಂಬಿಬಿಟ್ಟಿದ್ರಿ. ಅವರ ಮಾರಿ ಮ್ಯಾಲೆ ಕಾಣಾಕತ್ತಿತ್ತು. ಹೆದರಿಕಿ ಆತು.” ಅವಳು ಕಟ್ಟೆಯ ಕೆಳಗಿನ ಮೆಟ್ಟಿಲ ಮೇಲೆ ಕೂತಳು. “ನಾಳಿ ಬರ್ರಿ ಅಂತ ನಾ ಕರದೇನಿ. ನಾ ಕರದ್ರ ಯಾರ ಬರ್ತಾರ್ರಿ? ನೀವು ಕರದ್ರ ಬಜಾರದವ್ರೂ ಬರ್ತಾರ, ಓಣಿಯವ್ರೂ ಬರ್ತಾರ. ನನಗ ಆ ದನಿ ಇಲ್ಲ. ಎಂದೂ ಬರಂಗಿಲ್ಲ.”

“ದನಿ ನಂದು, ಖರೇ ನಿಂದು ಅಂತೀಯೇನು?”

“ಹಂಗಲ್ರಿ. ಜನ ಅತ್ತರ ನಿಮಗ ತಡಕೊಳ್ಳಾಕ ಆಗಂಗಿಲ್ಲ. ಅದಕ್ಕ ಇಲ್ಲದ್ದನ್ನೂ ಕೊಡ್ತೀನಂತ ಹೇಳಿಬಿಡ್ತೀರಿ. ಅತ್ತರ ಅಳಲಿರಿ. ನಾವೂ ಅವರ ಜೋಡಿ ಕುಂದ್ರೋಣು.”

ಹೊಳೆಯ ಕಡೆಯಿಂದ ಕಂಬ ಏರುವವರು ಹಗ್ಗ ಎಳೆಯುವ ಹಾಡು ಕೇಳಿಸುತ್ತಿತ್ತು. ಅಡಿವೆಪ್ಪ ಒಳಗೆ ತಿರುಗಿ ತನ್ನ ರುಮಾಲು ತರಲು ಹೇಳಿದ. ಅದನ್ನು ಸುತ್ತಿಕೊಂಡು, ಬಜಾರದ ಒಂದೊಂದೇ ಮನೆಯ ಬಾಗಿಲು ಬಡಿಯಲು ಹೊರಟ.

ಮರುದಿನ ನಡುಹಗಲು ನಡೆದದ್ದು ನನಗೆ ಇವತ್ತಿಗೂ ಕನಸಿನಂತೆಯೇ ನೆನಪಿದೆ. ಎಲ್ಲರೂ ಒದ್ದೆ ಕಂಬಳಿ ಹೊದ್ದುಕೊಂಡು ಸಾಲಾಗಿ ನಡೆದೆವು. ಬಜಾರದ ನವಿಲುಬಣ್ಣದ ತಂಪು ಮುಗಿಯುವಲ್ಲಿ ನೆಲದ ಮೇಲೆ ಗೆರೆ ಎಳೆದಂತೆ ಬಿಸಿಲು ನಿಂತಿತ್ತು. ಅದರೊಳಗೆ ಕಾಲಿಟ್ಟವರ ಬಣ್ಣವೆಲ್ಲ ಒಂದೇ ಕ್ಷಣದಲ್ಲಿ ಅಳಿಸಿಹೋಗಿ, ಮನುಷ್ಯರು ಬಿಳಿಯ ಹೊಗೆಯ ಆಕಾರಗಳಂತೆ ಕಂಡರು. ಸುಣ್ಣಗಾರ ಓಣಿಯಲ್ಲಿ ಒಬ್ಬ ದೊಡ್ಡ ಜವಳಿ ವ್ಯಾಪಾರಿ ಬಾಗಿಲ ಚಿಲಕ ಮುಟ್ಟಿ ಚುರುಕ್ಕನೆ ಕೈ ಎಳೆದುಕೊಂಡ. ಬಾಳವ್ವ ಎಲ್ಲರನ್ನೂ ತನ್ನ ಮನೆಯೊಳಗೆ ಕರೆದು ಮಜ್ಜಿಗೆ ಕೊಟ್ಟಳು. ಒಳಗೆ ಮೂಲೆಯಲ್ಲಿ ಅವಳ ಅತ್ತೆ ಕರೆವ್ವ ಹಾಸಿಗೆ ಹಿಡಿದು ಮಲಗಿದ್ದಳು. ಮಜ್ಜಿಗೆಯ ಲೋಟ ಕೈಗಿಡುತ್ತ ಬಾಳವ್ವ ಆ ವ್ಯಾಪಾರಿಯನ್ನು ಸುಮ್ಮನೆ ಕೇಳಿದಳು:

“ಈ ಹೊತ್ತಿನ್ಯಾಗ ನಿಮ್ಮ ಬಜಾರದಾಗ ಎಷ್ಟ ಮಂದಿ ಇರ್ತಾರ್ರಿ?”

“ಯಾರಿರ್ತಾರವಾ? ಬಾಗಲಾ ಹಾಕ್ಕೊಂಡು ಮನಿಗೆ ಹೋಗಿರ್ತೀವಿ.”

ಹೇಳಿದ ಮೇಲೆ ಅವನಿಗೇ ತನ್ನ ಮಾತು ಕೇಳಿಸಿತು. ಅವನು ಲೋಟವನ್ನು ಕೆಳಗಿಟ್ಟ. ಊರಿನ ಅತ್ಯಂತ ದಪ್ಪ ನೆರಳು ಆ ಹೊತ್ತಿನಲ್ಲಿ ಬರಿದಾದ ಕಲ್ಲುಹಾಸಿನ ಮೇಲೆ ಬಿದ್ದಿತ್ತು. ನಾನು ದಾವಲಬಿಯನ್ನು ನೋಡಿದೆ. ಅವಳ ತುಟಿಯ ತುದಿಗೆ ಮಾತು ಬಂದಿದ್ದು ನನಗೆ ಕಂಡಿತು. ಅವಳು ಅದನ್ನು ಆಡಲಿಲ್ಲ, ಕಾದಳು. ಆ ಮೌನವನ್ನು ಮುರಿದವನು ವ್ಯಾಪಾರಿಯೇ: “ಹಂಗಂದ್ರ ನೀವೆಲ್ಲಾ ನಡುಹಗಲ ಅಲ್ಲಿಗೆ ಬಂದುಬಿಡ್ರಿ.” ಆಮೇಲಷ್ಟೇ ಅವಳು ಬಾಯಿ ತೆರೆದಳು. ಅಂಗಡಿಗಳ ಮುಂದಿನ ಮೂಟೆಗಳನ್ನು ಎಲ್ಲಿ ಸರಿಸಬೇಕು, ಕುಡಿಯುವ ನೀರು ಎಲ್ಲಿಂದ ಬರಬೇಕು, ಹೊಸ ನೇಯ್ಗೆ ಯಾವ ಮನೆಗಳಿಗೆ ಮೊದಲು ಹೋಗಬೇಕು ಎಂಬುದನ್ನೆಲ್ಲ ಒಂದೊಂದಾಗಿ ಹೇಳಿದಳು. ಅಡಿವೆಪ್ಪ ಅದನ್ನು ತನ್ನ ಗಂಟೆಯ ದನಿಯಲ್ಲಿ ಓಣಿ ಓಣಿಗೆ ಸಾರಿದ.

ಹಾಗೆ ಆ ಕಾವುಗಾಲ ಪೂರ್ತಿ ಅರ್ಧ ಊರು ಬಜಾರಿನಲ್ಲಿ ನಡುಹಗಲು ಕಳೆಯಿತು. ಜವಳಿ ಅಂಗಡಿಯ ತೊಲೆಗಳಿಗೆ ತೊಟ್ಟಿಲು ಕಟ್ಟಿದರು. ಅಕ್ಕಿಮೂಟೆಗಳ ಪಕ್ಕದಲ್ಲಿ ಆಡುಗಳು ಕಣ್ಣು ಮುಚ್ಚಿ ಮೆಲುಕು ಹಾಕಿದವು. ನವಿಲುಬಣ್ಣದ ಬೆಳಕಿನಲ್ಲಿ ಸಾಲಾಗಿ ಮಲಗಿದ ನೂರಾರು ಜನರ ಉಸಿರು ಒಂದೇ ಲಯಕ್ಕೆ ಬಂದಾಗ, ಮೇಲಿನ ಸೆರಗೂ ಅದರೊಂದಿಗೆ ಏರಿ ಇಳಿಯುತ್ತಿದೆ ಎನಿಸುತ್ತಿತ್ತು. ಜಗಳಗಳೂ ಆದವು. ಸುಣ್ಣದ ಕಾಲಿನ ಗುರುತು ರೇಷ್ಮೆಯ ಮೇಲೆ ಬಿತ್ತೆಂದು ಒಬ್ಬ ಅಂಗಡಿಯವನು ವಾರಗಟ್ಟಲೆ ಗೊಣಗಿದ. ಆ ಜಗಳಗಳಿಗೆಲ್ಲ ದಾವಲಬಿಯನ್ನು ಕರೆಯುತ್ತಿದ್ದರು. ಅವಳು ಬಂದು ಇಬ್ಬರ ನಡುವೆ ಕೂತು, ಏನಾದರೊಂದು ಕೈಕೆಲಸ ಹಿಡಿದು, ಪೂರ್ತಿ ಕೇಳುತ್ತಿದ್ದಳು.

ಆದರೆ ಕರೆವ್ವ ಬರಲಿಲ್ಲ. “ಈ ಹೊಸ್ತಿಲ ದಾಟಿದ್ರ ನಾಲ್ಕು ಮಂದಿ ಹೆಗಲ ಮ್ಯಾಲೇನ,” ಎಂದು ಹಟ ಹಿಡಿದಳು. ದಾವಲಬಿ ಪುರಸಭೆಯ ಕಟ್ಟಡದ ಮೇಲಿನ ಸೆರಗನ್ನೇ ಇಳಿಸಿ ಆ ಮನೆಯ ಮೇಲೆ ಹೊಚ್ಚಿಸಿದಳು. ಕಚೇರಿಯವರೆಲ್ಲ ಬಜಾರಿನಲ್ಲಿ ಚಾಪೆ ಹಾಸಿಕೊಂಡು ಕೆಲಸ ಮಾಡಿದರು. ಆದರೆ ಆ ಬಟ್ಟೆ ಹಳೆಯದು, ತೆಳುವಾಗಿತ್ತು. ಬಿಸಿಲು ಮಿತಿಮೀರಿದ ವಾರದಲ್ಲಿ ಕರೆವ್ವ ಹೋಗಿಬಿಟ್ಟಳು.

ಸುದ್ದಿ ಬಂದಾಗ ದಾವಲಬಿ ಕಂಬಳಿಯನ್ನೂ ಹೊದೆಯದೆ ನಡೆದುಹೋದಳು. ಬಾಳವ್ವ ಬಾಗಿಲಲ್ಲಿ ನಿಂತಿದ್ದಳು.

“ನೀ ಹೇಳಿದ್ದು ಖರೇನ ಇತ್ತು,” ಅಂದಳು. “ಆದ್ರ ಖರೇ ನಮ್ಮತ್ತಿನ್ನ ಉಳಸಲಿಲ್ಲ.”

ದಾವಲಬಿ ಅಂಗಳದಲ್ಲಿ ಕೂತಳು. ಹೆಣ ಎತ್ತುವವರೆಗೂ ಕೂತಳು, ಮರುದಿನವೂ ಬಂದು ಕೂತಳು. ಕಚೇರಿಯವರು ಕರೆದರೆ ಏಳಲಿಲ್ಲ. ಎದ್ದು ಬಾ ಎಂದು ಕೂಗಬೇಕೆನಿಸಿದರೂ ನಿಯಮ ನೆನೆದು ನೀರಿನ ಚೊಂಬನ್ನು ಅವಳ ಪಕ್ಕ ಇಟ್ಟೆ. ಕೊನೆಗೆ ಬಾಳವ್ವನೇ ಹೊರಗೆ ಬಂದು ಅವಳ ತೋಳು ಹಿಡಿದಳು.

“ಏಳು. ಬಿಸಲಾಗ ಕುಂತ್ರ ನೀನೂ ಹೋಗ್ತಿ. ಈ ಓಣ್ಯಾಗ ಇನ್ನೂ ಹಾಸಗಿ ಹಿಡದವ್ರದಾರ. ಅವರಿಗೆಲ್ಲಾ ನೀ ಹೇಳಿದ್ರ ತಿಳಿಯಂಗಿಲ್ಲ. ನಾ ಬೈದ್ರ ತಿಳೀತತಿ. ನಡಿ.”

ಆ ದಿನದಿಂದ ಬಾಳವ್ವ ಮನೆ ಮನೆಗೆ ಹೋಗಿ ಬೈದಳು. ಮುದುಕರನ್ನು ಮಂಚದ ಸಮೇತ ಎತ್ತಿಸಿದಳು. ಜವಳಿ ವ್ಯಾಪಾರಿ ತನ್ನ ಗಾಡಿಗಳನ್ನು ಕಳಿಸಿದ. ಕರೆವ್ವನ ನಂತರ ಆ ಕಾವುಗಾಲದಲ್ಲಿ ಮೂಡಣ ಭಾಗದಲ್ಲಿ ಬಿಸಿಲಿಗೆ ಯಾರೂ ಸಾಯಲಿಲ್ಲ. ದಾವಲಬಿ ಮಾತ್ರ ಅದನ್ನು ಎಂದೂ ಗೆಲುವು ಎಂದು ಕರೆಯಲಿಲ್ಲ. ಅವಳ ಮುಂದೆ ಯಾರಾದರೂ ಹಾಗೆಂದರೆ ಕರೆವ್ವನ ಹೆಸರು ಹೇಳಿ ಸುಮ್ಮನಾಗುತ್ತಿದ್ದಳು.

ಮಳೆ ಬಂದ ದಿನ ಊರೆಲ್ಲ ಬಯಲಿಗೆ ಬಂದು ನೆನೆಯಿತು. ಅಡಿವೆಪ್ಪ ರುಮಾಲು ಬಿಚ್ಚಿ ಬೋಳುತಲೆಯ ಮೇಲೆ ನೀರು ಬೀಳಿಸಿಕೊಂಡ. ನನ್ನ ಜೊತೆಗಾಲ ಮುಗಿದಿತ್ತು. ಇನ್ನು ಮಾತಾಡಬಹುದಲ್ಲ ಅಕ್ಕಾರ, ಏನು ಹೇಳುತ್ತೀರಿ ಎಂದು ದಾವಲಬಿ ಕೇಳಿದಳು. ಅಷ್ಟು ದಿನ ಕೂಡಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ನನ್ನ ನೆನಪಿಗೆ ಬರಲಿಲ್ಲ. ಅವಳ ತಲೆ ಒರೆಸಿದೆ, ಅಷ್ಟೇ.

ಕೆಲವು ವರ್ಷಗಳ ನಂತರ ಅವಳಿಗೆ ಕಡಲತೀರದ ಒಂದು ಊರಿಗೆ ವರ್ಗವಾಯಿತು. ಅವಳ ಜಾಗಕ್ಕೆ ಮೈಲಾರಪ್ಪ ಎಂಬುವವನು ಬಂದ. ಅವನೂ ನನ್ನ ಬಳಿ ಕಲಿತವನೇ ಆದ್ದರಿಂದ ಮತ್ತೆ ಎರಡುಹೊಳಿಗೆ ಹೋದೆ. ಅವನ ಮೊದಲ ಪಾಲುಸಭೆಯಲ್ಲಿ ಯಾರೋ ಮೂಡಣ ದಂಡೆಯ ಹೊಸ ಕಂಬಗಳ ಬಗ್ಗೆ ಕೇಳಿದರು. ಮೈಲಾರಪ್ಪ ಕಡತ ತಿರುವಿದ. ಅವನ ಬಳಿ ಉತ್ತರವಿರಲಿಲ್ಲ; ಏನಾದರೊಂದು ಹೇಳಿಬಿಡಲು ಬಾಯಿ ತೆರೆಯುತ್ತಿದ್ದ. ಆಗ ಜನರ ನಡುವಿನಿಂದ ಬಾಳವ್ವನ ದನಿ ಬಂತು:

“ತಮ್ಮಾ, ಗೊತ್ತಿಲ್ಲಂದ್ರ ಗೊತ್ತಿಲ್ಲನ್ನು. ನಾವೇನು ತಿನ್ನಂಗಿಲ್ಲ. ಎಲ್ಲಾರೂ ಒಂದೀಟು ಸರದು ಕುಂದರ್ರಿ, ಆತನ್ನ ನಡುವ ಬರಗೊಡ್ರಿ.”

ಜನ ಸರಿದು ದಾರಿ ಮಾಡಿದರು. ಸುಣ್ಣಗಾರರು, ಜವಳಿಯವರು ಯಾರು ಎಲ್ಲಿ ಕೂತಿದ್ದಾರೆಂದು ನನಗೆ ಬೇರ್ಪಡಿಸಿ ಹೇಳಲಾಗಲಿಲ್ಲ. ನನ್ನ ಶಾಲೆಯಲ್ಲಿ ಕಲಿಸಲಾಗದ್ದನ್ನು ಆ ಊರು ಕಲಿತುಬಿಟ್ಟಿತ್ತು. ಒಬ್ಬ ಅಧಿಕಾರಿ ಸತ್ಯ ಹೇಳುವುದಕ್ಕೆ ಊರು ಅವನಿಗೆ ಜಾಗ ಕೊಡಬೇಕಾಗುತ್ತದೆ. ಆ ಜಾಗ ಒಂದು ದಿನದಲ್ಲಿ ಸಿಗುವುದಿಲ್ಲ. ಯಾರಾದರೂ ಮೊದಲು ಜಾಗವಿಲ್ಲದ ಕಡೆ ನಿಂತಿರಬೇಕು.

ಹಿರಿಯರೇ, ನಿಮ್ಮ ಕೋಣೆಯಲ್ಲಿ ಚಹಾ ಬರುವ ಹೊತ್ತಾಗಿರಬಹುದು. ಒಂದು ಕೋರಿಕೆ ಇದೆ, ಅದನ್ನು ಹೇಳಿ ಮುಗಿಸುತ್ತೇನೆ.

ಕರಿಗುಡ್ಡದಿಂದ ಎರಡುಹೊಳಿಗೆ ಹೋಗುವ ಹಾದಿಯಲ್ಲಿ ಒಂದು ಕಡೆ ಊರಸೆರಗು ಬೇಕಾಗುವುದಿಲ್ಲ. ಅಲ್ಲಿ ಎರಡೂ ಬದಿಗೆ ಹುಣಸೆಮರಗಳಿವೆ. ಅವುಗಳ ಕಾಂಡವನ್ನು ನಾಲ್ಕು ಜನ ಕೈ ಹಿಡಿದರೂ ಬಳಸಲಾಗದು. ನಡುಹಗಲು ಅವುಗಳ ಕೆಳಗೆ ನಿಂತರೆ ಬೆಳಕು ಸಣ್ಣ ಸಣ್ಣ ನಾಣ್ಯಗಳಂತೆ ಮೈಮೇಲೆ ಆಡುತ್ತದೆ. ಶಾಲೆಗೆ ಬರುವವರು, ಊರಿಗೆ ಮರಳುವವರು ಎಲ್ಲರೂ ಅಲ್ಲಿ ಕೂತು ಬುತ್ತಿ ಬಿಚ್ಚುತ್ತಾರೆ. ಆ ಸಾಲನ್ನು ನೆಡಿಸಿದ್ದು ನಿಮ್ಮ ಕಾಲದ ಯಾವುದೋ ಒಂದು ಪುರಸಭೆಯಂತೆ. ಆ ವರ್ಷ ಹಣ ಸಾಲದೆ ಸಸಿಗಳನ್ನು ಕೈಬಿಡಲು ಎಲ್ಲರೂ ಸಿದ್ಧರಾಗಿದ್ದರಂತೆ. ಲೆಕ್ಕ ವಿಭಾಗದ ಒಬ್ಬರು ಎದ್ದು ನಿಂತು ಏನೋ ಹೇಳಿದರು ಎಂದಷ್ಟೇ ನಮಗೆ ಗೊತ್ತು. ಏನು ಹೇಳಿದರೋ, ದನಿ ನಡುಗಿತ್ತೋ, ಹೆಸರೇನೋ, ಯಾವುದೂ ಉಳಿದಿಲ್ಲ.

ಅದು ಯಾವ ಸಭೆಯೋ ನಮಗೆ ತಿಳಿಯದು. ನಿಮ್ಮಲ್ಲಿ ಅದು ಇನ್ನೂ ನಡೆದಿರಲಿಕ್ಕೂ ಇಲ್ಲ. ಆದ್ದರಿಂದ ಇದನ್ನು ಕೇಳಿಸಿಕೊಳ್ಳುತ್ತಿರುವ ಪ್ರತಿಯೊಬ್ಬರಲ್ಲೂ ಕೈಮುಗಿದು ಕೇಳುತ್ತೇನೆ: ನಿಮ್ಮ ಸರದಿ ಬಂದಾಗ ಏಳಿ. ನಾವು ಆ ಮರಗಳ ಕೆಳಗೆ ಕೂತಿದ್ದೇವೆ.

ನಿಮ್ಮ ನೆರಳಿನವಳು,
ಹಂಪವ್ವ ಮಡಿವಾಳರ